ಪದಚರ್ಚೆ: ಟರಾಂಟುಲಾ ಪೆಟ್ಟಿಗೆಯ ಮೈಟ್‌ಗೆ ‘ನುಸಿ’ ಅಂದರೆ ಸಾಕೇ? ನುಸಿ ‘ಆಗುತ್ತೋ’, ‘ಹತ್ತುತ್ತೋ’?

ಎಲ್ಲರಿಗೂ ನಮಸ್ಕಾರ.

ಟರಾಂಟುಲಾ ಅನ್ನೋ ದೊಡ್ಡ, ಕೂದಲು ತುಂಬಿದ ಜೇಡವನ್ನು ಸಾಕುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಮೈಟ್ ಕಾಣಿಸಿಕೊಂಡರೆ ಏನು ಮಾಡಬೇಕು ಅನ್ನೋ ಭಾಗಕ್ಕೆ ಬಂದು ನಿಂತಿದ್ದೇನೆ. ಮೈಟ್‌ಗೆ ‘ನುಸಿ’ ಅನ್ನೋ ಪದ ಇದ್ದೇ ಇದೆ. ತೆಂಗಿನ ನುಸಿ, ಧೂಳಿನ ನುಸಿ ಅಂತ ಎಲ್ಲರೂ ಓದಿರುತ್ತೀರಿ. ಆ ಪದದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಜಾಗದಲ್ಲಿ ಅದನ್ನು ಹಾಗೇ ಬಿಟ್ಟರೆ ಓದಿದವರ ಕೈ ಎಲ್ಲಿಗೆ ಹೋಗುತ್ತೆ ಅನ್ನೋದೇ ಚಿಂತೆ. ತಪ್ಪು ಜಾಗಕ್ಕೆ ಹೋದರೆ ಸಾಯೋದು ಜೇಡ.

ಮೊದಲು ‘ಜೇಡ ನುಸಿ’ ತೆಗೆದುಕೊಳ್ಳಿ. ಜೇಡಕ್ಕೆ ಬರುವ ನುಸಿ ಅಂದುಕೊಂಡು ಯಾರಾದರೂ ಇದನ್ನು ಹುಡುಕಿದರೆ ಸಿಗೋದು ಬೇರೇನೇ. ಕೃಷಿ ಬರಹಗಳಲ್ಲಿ ಕೆಂಪು ಜೇಡ ನುಸಿ ಅಂದರೆ ಎಲೆಯ ರಸ ಹೀರೋ ಗಿಡದ ಪೀಡೆ. ಎಲೆಯ ಅಡಿಯಲ್ಲಿ ಸಣ್ಣ ಬಲೆ ಹೆಣೆಯುತ್ತೆ, ಅದಕ್ಕೇ ಆ ಹೆಸರು. ಅಲ್ಲಿ ಪರಿಹಾರ ಅಂತ ನುಸಿನಾಶಕ ಸಿಂಪಡಿಸಲು ಹೇಳಿರುತ್ತಾರೆ. ಅದನ್ನೇ ನಂಬಿ ಟರಾಂಟುಲಾ ಪೆಟ್ಟಿಗೆಗೆ ಹೊಡೆದರೆ ಮುಗೀತು. ನುಸಿ, ಉಣ್ಣೆ, ಚೇಳು, ಜೇಡ ಎಲ್ಲವೂ ಅರಾಕ್ನಿಡಾ ಅನ್ನೋ ಒಂದೇ ವರ್ಗದವು. ನುಸಿಯನ್ನು ಕೊಲ್ಲುವ ವಿಷ ಜೇಡವನ್ನು ಉಳಿಸುತ್ತೆ ಅಂತ ನಂಬೋ ಹಾಗಿಲ್ಲ. ಹಾಗಾಗಿ ಕೈಪಿಡಿಯಲ್ಲಿ ‘ಜೇಡ ನುಸಿ’ ಅಂತ ಎಲ್ಲೂ ಬರೆಯಬಾರದು ಅಂತ ತೀರ್ಮಾನಿಸಿದ್ದೇನೆ. ‘ಪೆಟ್ಟಿಗೆ ನುಸಿ’ ಅಂದರೆ ಹೇಗೆ? ನನಗೆ ಸದ್ಯಕ್ಕೆ ಅದೇ ಸರಿ ಅನಿಸಿದೆ.

ಎರಡನೆಯದು ‘ನುಸಿಗುಳಿಗೆ’. ಬಟ್ಟೆ ಪೆಟ್ಟಿಗೆಯಲ್ಲಿ ಇಡೋ ಬಿಳಿ ಗುಳಿಗೆ. ಅಲ್ಲಿ ನುಸಿ ಅಂದರೆ ಬಟ್ಟೆ ತಿನ್ನೋ ಹುಳ, ಮೈಟ್ ಅಲ್ಲ. ಆದರೆ ‘ಪೆಟ್ಟಿಗೆಯಲ್ಲಿ ನುಸಿ ಆಗಿದೆ’ ಅಂತ ಓದಿದವರಿಗೆ ಥಟ್ಟನೆ ನೆನಪಾಗೋದು ಅದೇ ಅಲ್ವಾ? ಮುಚ್ಚಿದ ಪೆಟ್ಟಿಗೆಯಲ್ಲಿ ಆ ಗುಳಿಗೆಯ ಆವಿ ಜೇಡಕ್ಕೂ ವಿಷವೇ. ‘ನುಸಿಗುಳಿಗೆ ಇಡಬೇಡಿ’ ಅಂತ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಜಾಸ್ತಿ ಆಯ್ತು ಅನಿಸಿದರೂ ಪರವಾಗಿಲ್ಲ.

ಇನ್ನು ನಿಮ್ಮನ್ನು ಮುಖ್ಯವಾಗಿ ಕೇಳಬೇಕಾದದ್ದು ಕ್ರಿಯಾಪದದ ಬಗ್ಗೆ. ಕಾಳಿಗೆ ಹುಳ ಬೀಳುತ್ತೆ. ಮರಕ್ಕೆ ಗೆದ್ದಲು ಹಿಡಿಯುತ್ತೆ. ತಲೆಯಲ್ಲಿ ಹೇನು ಆಗುತ್ತೆ. ದನಕ್ಕೆ ಉಣ್ಣೆ ಹತ್ತುತ್ತೆ. ಹಾಗಾದರೆ ನುಸಿ? ನನ್ನ ಕಿವಿಗೆ ‘ನುಸಿ ಆಗಿದೆ’ ಅಂದರೆ ಪೆಟ್ಟಿಗೆಯ ಮಣ್ಣಲ್ಲಿ, ನೀರಿನ ಬಟ್ಟಲಿನ ಅಂಚಲ್ಲಿ ಓಡಾಡ್ತಾ ಇವೆ ಅಂತ ಅರ್ಥ. ‘ನುಸಿ ಹತ್ತಿದೆ’ ಅಂದರೆ ಜೇಡದ ಮೈಮೇಲೇ ಇವೆ ಅಂತ. ಸಾಕುವವರಿಗೆ ಈ ವ್ಯತ್ಯಾಸವೇ ಎಲ್ಲಾ. ಮೊದಲನೆಯದಕ್ಕೆ ಪೆಟ್ಟಿಗೆ ಚೊಕ್ಕ ಮಾಡಿದರೆ ಆಯ್ತು. ಎರಡನೆಯದಕ್ಕೆ ಜೇಡವನ್ನೇ ಹತ್ತಿರದಿಂದ ನೋಡಬೇಕು. ಕ್ರಿಯಾಪದದಲ್ಲೇ ಇಷ್ಟು ಹೇಳಿಬಿಡಬಹುದಾದರೆ ಬೇರೆ ಪಾರಿಭಾಷಿಕ ಪದ ಯಾಕೆ ಬೇಕು? ‘ನುಸಿ ಬಾಧೆ’ ಅಂತ ಬರೆಯಲು ಕೆಲವರು ಹೇಳಿದರು. ನನಗೆ ಒಪ್ಪಿಗೆ ಆಗಲಿಲ್ಲ. ಪೆಟ್ಟಿಗೆಯಲ್ಲಿ ಕಾಣೋ ಬಹುಪಾಲು ನುಸಿಗಳು ಬೂಷ್ಟು, ಕೊಳೆತ ಚೂರು, ಸತ್ತ ಹುಳ ತಿಂದು ಬದುಕುವಂಥವು. ಜೇಡದ ತಂಟೆಗೇ ಹೋಗಲ್ಲ. ಬಾಧೆ ಅಂದ ಕೂಡಲೇ ಓದಿದವರು ಗಾಬರಿಯಾಗಿ ಔಷಧಿ ಹುಡುಕುತ್ತಾರೆ.

ಹತ್ತಿದಾಗ ಏನಾಗುತ್ತೆ ಅನ್ನೋದನ್ನೂ ಹೇಳ್ತೀನಿ, ಪದ ಆರಿಸಲು ಬೇಕಾಗುತ್ತೆ. ಧಾನ್ಯದ ನುಸಿ ಅನ್ನೋ ಗುಂಪಿನವು ಬೆಳ್ಳಗೆ, ಗುಂಡಗೆ, ನಿಧಾನ. ಬರಿಗಣ್ಣಿಗೆ ಉಪ್ಪಿನ ಪುಡಿ ಚೆಲ್ಲಿದ ಹಾಗೆ ಕಾಣುತ್ತವೆ, ನೋಡ್ತಾ ಇದ್ದರೆ ಆ ಪುಡಿ ಸರಿದಾಡುತ್ತೆ. ಮೊಟ್ಟೆಯಿಂದ ಬಂದಾಗ ಆರು ಕಾಲು, ಆಮೇಲೆ ಎಂಟು. ಮಧ್ಯದಲ್ಲಿ, ಕೆಲವು ಜಾತಿಗಳಲ್ಲಿ, ಜಾಗ ಒಣಗಿದರೆ ಅಥವಾ ತಿನ್ನೋಕೆ ಕಮ್ಮಿಯಾದರೆ ಒಂದು ವಿಚಿತ್ರ ಹಂತ ಬರುತ್ತೆ. ಹೈಪೋಪಸ್ ಅಂತಾರೆ. ಆ ಹಂತದಲ್ಲಿ ಅದಕ್ಕೆ ತಿನ್ನೋ ಬಾಯೇ ಇಲ್ಲ. ಅಡಿಭಾಗದಲ್ಲಿ ಅಂಟಿಕೊಳ್ಳೋಕೆ ಪುಟ್ಟ ಬಟ್ಟಲಿನಂಥ ಅಂಗಗಳಿರುತ್ತವೆ. ಸಿಕ್ಕ ಪ್ರಾಣಿಗೆ ಅಂಟಿಕೊಂಡು ಬೇರೆ ಜಾಗಕ್ಕೆ ಹೋಗೋದಷ್ಟೇ ಅದರ ಕೆಲಸ. ಟರಾಂಟುಲಾದ ಕಾಲಿನ ಕೀಲುಗಳ ಮೆತ್ತನೆ ಚರ್ಮ, ಬಾಯಿಯ ಸುತ್ತ, ಹೊಟ್ಟೆಯಡಿಯ ನಾಲ್ಕು ಉಸಿರಿನ ಸೀಳುಗಳ ಅಂಚು, ಇಲ್ಲೆಲ್ಲ ಗುಂಪಾಗಿ ಕೂರುತ್ತವೆ. ರಕ್ತ ಹೀರಲ್ಲ. ಆದರೂ ಬಾಯಿಯ ಹತ್ತಿರ ದಟ್ಟವಾಗಿ ಕೂತರೆ ಜೇಡಕ್ಕೆ ತಿನ್ನೋದೇ ಕಷ್ಟ. ಇದಕ್ಕೆ ‘ಪರಾವಲಂಬಿ’ ಅಂದರೆ ತಪ್ಪಾಗುತ್ತೆ. ನನಗೆ ಹೊಳೆದದ್ದು ‘ಸವಾರಿ ಮರಿ’. ಇದಕ್ಕಿಂತ ಒಳ್ಳೆಯದು ನಿಮಗೆ ತೋಚಿದರೆ ದಯವಿಟ್ಟು ಹೇಳಿ.

ಉಪಾಯಗಳ ಭಾಗದಲ್ಲಿ ಪದದ ತೊಂದರೆ ಕಮ್ಮಿ. ಜೇಡವನ್ನು ಬೇರೆ ಡಬ್ಬಿಗೆ ಸಾಗಿಸಿ, ಒದ್ದೆ ಕಾಗದ ಹಾಸಿ, ನೀರಿಡಬೇಕು. ಹಳೆ ಪೆಟ್ಟಿಗೆಯ ಮಣ್ಣೆಲ್ಲ ಎಸೆದು ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಒಣ ಪ್ರದೇಶದ ಜಾತಿಯಾದರೆ ಹೊಸ ಮಣ್ಣನ್ನು ಒಣಗೇ ಇಟ್ಟು ನೀರಿನ ಬಟ್ಟಲು ಮಾತ್ರ ತುಂಬಿಡಿ, ಅರ್ಧ ಗೆದ್ದ ಹಾಗೆ. ಥೆರಫೋಸಾ ಬ್ಲಾಂಡಿಯಂಥ ತೇವ ಬೇಡುವ ಜಾತಿಗೆ ಇದು ನಡೆಯಲ್ಲ. ಅದನ್ನು ಒಣಗಿಸಿದರೆ ನುಸಿಗಿಂತ ದೊಡ್ಡ ಅಪಾಯ. ಅಲ್ಲಿ ಗಾಳಿ ಜಾಸ್ತಿ ಮಾಡಬೇಕು, ಉಳಿದ ತಿಂಡಿ ತಕ್ಷಣ ತೆಗೆಯಬೇಕು. ಮೈಮೇಲೆ ಹತ್ತಿದ್ದರೆ ಒದ್ದೆ ಮಾಡಿದ ಸಣ್ಣ ಕುಂಚದಿಂದ ಮೆಲ್ಲಗೆ ಬಿಡಿಸಬಹುದು, ವ್ಯಾಸಲೀನ್ ಬಳಸಿ ಬಿಡಿಸೋದಾದರೆ ಉಸಿರಿನ ಸೀಳಿನ ಹತ್ತಿರ ಅದನ್ನು ತಾಕಿಸಲೇಬಾರದು. ಜೇಡ ಪೊರೆ ಬಿಡೋ ಸಮಯ ಹತ್ತಿರ ಬಂದಿದ್ದರೆ ಸುಮ್ನೆ ಬಿಡಿ. ಪೊರೆಯ ಜೊತೆ ಸವಾರಿ ಮರಿಗಳೂ ಹೋಗುತ್ತವೆ. ಹೊಸ ಚರ್ಮ ಗಟ್ಟಿಯಾಗೋವರೆಗೆ ಜೇಡವನ್ನು ಮುಟ್ಟದೆ ಬಿಟ್ಟ ಪೊರೆಯನ್ನು ಮಾತ್ರ ಬೇಗ ಹೊರಗೆ ತೆಗೆಯಿರಿ.

ಪೆಟ್ಟಿಗೆಯಲ್ಲಿ ಹಾಕೋ ಮಣ್ಣು, ತೆಂಗಿನ ನಾರಿನ ಪುಡಿ ಎಲ್ಲಕ್ಕೂ ಸೇರಿ ‘ಹಾಸು’ ಅಂತ ಬಳಸಬೇಕು ಅಂತಿದ್ದೇನೆ. ಜೇಡ ತಿಂದು ಬಿಡೋ ಎಂಜಲಿಗೆ ‘ಉಂಡೆ’ ಸಾಕು, ಅದು ನಿಜಕ್ಕೂ ಉಂಡೆಯಾಗೇ ಇರುತ್ತೆ. ನುಸಿ ಆಗೋಕೆ ಮೊದಲ ಕಾರಣ ಹಾಸಿನಲ್ಲಿ ಮರೆತುಹೋದ ಒಂದು ಉಂಡೆ. ಊಟಕ್ಕೆ ಹಾಕುವ ಚಿಮ್ಮಂಡೆಗಳ ಡಬ್ಬಿಯನ್ನೂ ನೋಡಬೇಕು. ಚಿಮ್ಮಂಡೆ ಮೇಲೇ ಕೂತು ನುಸಿ ಒಳಗೆ ಬರುತ್ತೆ.

ಇನ್ನೂ ಎರಡು ಪದ ಬೇಕು. ಒಂದು, ನುಸಿಯನ್ನೇ ತಿನ್ನೋ ನುಸಿಗೆ. ಮೊದಲು ಹೈಪೊಯಾಸ್ಪಿಸ್ ಮೈಲ್ಸ್ ಅಂತಿದ್ದರು, ಈಗಿನ ಹೆಸರು ಸ್ಟ್ರಾಟಿಯೊಲೆಲ್ಯಾಪ್ಸ್ ಸ್ಕಿಮಿಟಸ್. ಕಂದು ಬಣ್ಣ, ಚುರುಕು ಓಟ. ಹಾಸಿನಲ್ಲಿ ಬಿಟ್ಟರೆ ಬಿಳಿ ನುಸಿಗಳನ್ನು ಹುಡುಕಿ ತಿನ್ನುತ್ತೆ, ತಿನ್ನೋಕೆ ಸಿಗದಿದ್ದರೆ ತಾನೂ ಕಮ್ಮಿಯಾಗುತ್ತೆ. ಟರಾಂಟುಲಾಗೆ ತೊಂದರೆ ಕೊಡಲ್ಲ. ಕೃಷಿಯಲ್ಲಿ ‘ಪರಭಕ್ಷಕ ನುಸಿ’ ಅಂತಾರೆ. ಅದು ಭಾರ ಅನ್ನೋದು ಬೇರೆ, ಓದಿದವರು ಇದು ಜೇಡವನ್ನು ತಿನ್ನುತ್ತೆ ಅಂದುಕೊಳ್ಳಬಹುದು. ‘ಬೇಟೆ ನುಸಿ’ಗೂ ಅದೇ ತೊಂದರೆ. ಇರುವೆಬಾಕ ಇದ್ದ ಹಾಗೆ ‘ನುಸಿಬಾಕ’ ಅಂದರೆ ಏನು ತಿನ್ನುತ್ತೆ ಅಂತ ಹೆಸರೇ ಹೇಳುತ್ತೆ. ನನಗೆ ಇದು ತುಂಬಾ ಹಿಡಿಸಿದೆ.

ಇನ್ನೊಂದು ಸ್ಪ್ರಿಂಗ್‌ಟೇಲ್. ಇದಕ್ಕೆ ಆರು ಕಾಲು, ನುಸಿ ಅಲ್ಲವೇ ಅಲ್ಲ. ಹೊಟ್ಟೆಯಡಿ ಮಡಚಿಟ್ಟ ಕವೆಯಂಥ ಬಾಲವನ್ನು ಬಿಚ್ಚಿ ಚಂಗನೆ ನೆಗೆಯುತ್ತೆ. ಬೂಷ್ಟು ತಿಂದು ಪೆಟ್ಟಿಗೆ ಚೊಕ್ಕ ಇಡುತ್ತೆ. ಹೊಸಬರು ಇದನ್ನೂ ನುಸಿ ಅಂದುಕೊಂಡು ಪೆಟ್ಟಿಗೆಯನ್ನೇ ಖಾಲಿ ಮಾಡಿಬಿಡುತ್ತಾರೆ. ಊದಿದಾಗ ಅಥವಾ ಕಡ್ಡಿ ತಾಕಿಸಿದಾಗ ನೆಗೆದರೆ ಸ್ಪ್ರಿಂಗ್‌ಟೇಲ್, ತೆವಳಿಕೊಂಡೇ ಹೋದರೆ ನುಸಿ ಇರಬಹುದು. ನೆನಪಿಡಿ, ನುಸಿಬಾಕ ಇದನ್ನೂ ತಿನ್ನುತ್ತೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬಿಡೋದು ವ್ಯರ್ಥ. ‘ನೆಗೆಬಾಲ’, ‘ಚಿಮ್ಮುಬಾಲ’ ಅಂತ ಎರಡು ಬರೆದಿಟ್ಟಿದ್ದೇನೆ. ಚಿಮ್ಮಂಡೆ ಆಗಲೇ ಇರೋದರಿಂದ ಎರಡನೆಯದು ಗೊಂದಲ ಮಾಡುತ್ತಾ?

ನಿಮ್ಮ ಕಡೆ ಮಾತಲ್ಲಿ ‘ಆಗು’, ‘ಹತ್ತು’ಗಳ ನಡುವೆ ನಾನು ಹೇಳಿದ ವ್ಯತ್ಯಾಸ ಇದೆಯಾ, ಅಥವಾ ಎರಡೂ ಒಂದೇನಾ? ಇದು ನನ್ನ ಕಿವಿಗೆ ಮಾತ್ರ ಕೇಳೋ ವ್ಯತ್ಯಾಸ ಆದರೆ ಕೈಪಿಡಿಯಲ್ಲಿ ಅದರ ಮೇಲೆ ಭಾರ ಹಾಕೋ ಹಾಗಿಲ್ಲ, ‘ಹಾಸಿನಲ್ಲಿ ನುಸಿ’, ‘ಮೈಮೇಲೆ ನುಸಿ’ ಅಂತ ಬಿಡಿಸಿ ಬರೆಯುತ್ತೇನೆ.