ಪದಚರ್ಚೆ: ಗಿಟಾರಿನ ‘ಹಾಟ್’ ಪಿಕಪ್‌ಗೆ ಕನ್ನಡದಲ್ಲಿ ಏನೆನ್ನೋಣ?

ಮಿತ್ರರೇ,

ಎಲೆಕ್ಟ್ರಿಕ್ ಗಿಟಾರಿನ ಹಳೆಯ ಪಿಕಪ್ ತೆಗೆದು ಹೊಸದು ಹಾಕಿಸುವಾಗ ಏನನ್ನು ನೋಡಿ ಆರಿಸಬೇಕು ಎಂಬ ಬಗ್ಗೆ, ಗಿಟಾರ್ ಕಲಿಯುವ ಹುಡುಗ ಹುಡುಗಿಯರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

‘ಪಿಕಪ್’ ಹಾಗೇ ಇರಲಿ. ‘ಗಾಡಿಗೆ ಪಿಕಪ್ ಇಲ್ಲ’, ‘ವ್ಯಾಪಾರ ಪಿಕಪ್ ಆಯ್ತು’ ಎಂದು ದಿನಾ ಆಡುವವರಿಗೆ ಇದು ಹೊಸ ಪದವಲ್ಲ, ಸಂದರ್ಭದಿಂದ ಅರ್ಥ ತಿಳಿಯುತ್ತದೆ. ತೊಡಕಿರುವುದು ‘ತಂತಿ’ಯಲ್ಲಿ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್. ಅದರ ಮೇಲೆ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲಿ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ‘ತೆಳು ತಂತಿಯಾದರೆ ದನಿ ಬದಲಾಗುತ್ತದೆ’ ಎಂದು ಬರೆದರೆ ಯಾವ ತಂತಿ? ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರು ಸುತ್ತುವುದನ್ನು ‘ವೈರ್’ ಎನ್ನುತ್ತಾರೆ. ನಾನೂ ಕಾಯಿಲ್‌ಗೆ ವೈರ್, ನುಡಿಸುವುದಕ್ಕೆ ತಂತಿ ಎಂದು ಬೇರ್ಪಡಿಸಿದ್ದೇನೆ.

ತಂತಿಗಳು ಕೂರುವ ಬ್ರಿಜ್‌ಗೆ ವೀಣೆಯವರ ‘ಕುದುರೆ’, ಬೆರಳೊತ್ತುವ ನೆಕ್‌ಗೆ ‘ದಂಡಿ’ ಚೆನ್ನಾಗಿ ಹೊಂದುತ್ತವೆ. ಕುದುರೆಯ ಹತ್ತಿರ ತಂತಿ ಕಡಿಮೆ ಅಲುಗುತ್ತದೆ. ಅದಕ್ಕೇ ಆ ಕಡೆಯ ಪಿಕಪ್‌ಗೆ ಸಾಮಾನ್ಯವಾಗಿ ಹೆಚ್ಚು ಸುತ್ತು ಹಾಕಿರುತ್ತಾರೆ. ದಂಡಿ ಕಡೆಯದನ್ನು ತಂದು ಇಲ್ಲಿ ಕೂರಿಸಿದರೆ ದನಿ ಬಡವಾಗುತ್ತದೆ.

‘ಹಮ್‌ಬಕರ್’ಗೆ, ಅಂದರೆ ಎರಡು ಕಾಯಿಲ್‌ಗಳ ಪಿಕಪ್‌ಗೆ, ಮೊದಲು ‘ಜೋಡಿ ಕಾಯಿಲ್’ ಎಂದು ಬರೆದಿದ್ದೆ. ಆದರೆ ಅಂಗಡಿಯಲ್ಲಿ ‘ಒಂದು ಜೋಡಿ ಕೊಡಿ’ ಎಂದರೆ ಕುದುರೆ, ದಂಡಿ ಎರಡೂ ಕಡೆಯ ಸೆಟ್ ಎಂದೇ ಅರ್ಥ. ಹಾಗಾಗಿ ‘ಅವಳಿ ಕಾಯಿಲ್’ ವಾಸಿ ಎನಿಸುತ್ತದೆ. ಒಂಟಿ ಕಾಯಿಲ್‌ನ ಪಿಕಪ್ ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್ ಎನ್ನುವ ಸದ್ದನ್ನೂ ಹಿಡಿದುಬಿಡುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸದಲ್ಲಿ ಎರಡು ಕಾಯಿಲ್‌ಗಳಿವೆ. ಒಂದರ ವೈಂಡಿಂಗೂ ತಿರುವುಮುರುವು, ಅಯಸ್ಕಾಂತದ ಧ್ರುವವೂ ತಿರುವುಮುರುವು. ತಂತಿಯ ದನಿಗೆ ಎರಡು ತಿರುವೂ ಸೇರಿ ಸರಿಹೋಗುತ್ತದೆ, ದನಿ ಕೂಡುತ್ತದೆ. ಗುಂಯ್‌ ಸದ್ದಿಗೆ ಅಯಸ್ಕಾಂತದ ಹಂಗಿಲ್ಲ, ಅದಕ್ಕೆ ತಾಗುವುದು ವೈಂಡಿಂಗ್‌ನ ತಿರುವೊಂದೇ, ಹಾಗಾಗಿ ಒಂದರದು ಇನ್ನೊಂದರಲ್ಲಿ ವಜಾ ಆಗುತ್ತದೆ. ‘ಹಮ್’ಗೆ ‘ಗುಂಯ್‌ದನಿ’ ಸಾಕೇ, ‘ಮೊರೆತ’ ಬೇಕೇ? ಮೊರೆತ ಎಂದರೆ ನನಗೆ ಕಡಲೇ ನೆನಪಾಗುವುದರಿಂದ ಮೊದಲನೆಯದಕ್ಕೆ ನನ್ನ ಒಲವು.

ಈಗ ಮುಖ್ಯ ಪ್ರಶ್ನೆ. ಪಿಕಪ್ ತಯಾರಿಸುವ ಡಿಮಾರ್ಜಿಯೊ ಕಂಪನಿ 1972ರಲ್ಲಿ ಸೂಪರ್ ಡಿಸ್ಟಾರ್ಷನ್ ಪಿಕಪ್ ತಂದ ಮೇಲೆ ಬದಲಿ ಪಿಕಪ್‌ಗಳ ಮಾರುಕಟ್ಟೆಯಲ್ಲಿ ‘ಹಾಟ್’ ಎಂಬ ಗುಣವಾಚಕ ತಳವೂರಿತು. ‘ಬಿಸಿ’ ಎಂದರೆ ನಗೆಪಾಟಲು. ಹುಡುಗರು ‘ಜೋರು ಪಿಕಪ್’ ಎನ್ನುತ್ತಾರೆ, ಆದರೆ ಸದ್ದು ಜೋರಾಗಿಸಲು ವಾಲ್ಯೂಮ್ ತಿರುಗಿಸಿದರೂ ಆಯಿತು. ಹಾಟ್ ಪಿಕಪ್ ಮಾಡುವುದು ಬೇರೆ: ಆಂಪ್ಲಿಫೈಯರಿಗೆ ಹೆಚ್ಚು ವೋಲ್ಟೇಜ್ ಕೊಟ್ಟು ದನಿ ಬೇಗ ಒಡೆಯುವಂತೆ ಮಾಡುತ್ತದೆ. ಜೊತೆಗೆ ಸುತ್ತು ಹೆಚ್ಚಾದಂತೆ ಮೇಲ್‌ಸ್ಥಾಯಿಯ ಹೊಳಪು ತುಸು ಮಾಸುತ್ತದೆ, ನಡುದನಿ ಉಬ್ಬುತ್ತದೆ. ಇದಕ್ಕೆ ‘ಕಸುವಿನ ಪಿಕಪ್’ ಎಂದರೆ ಹೇಗೆ?

ಇದು ಬರೀ ಪದದ ಮಾತಲ್ಲ, ದುಡ್ಡು ಹಾಕಿ ಕೊಳ್ಳುವವರು ಇಲ್ಲೇ ಎಡವುತ್ತಾರೆ. ಡಬ್ಬಿಯ ಮೇಲೆ ಕಿಲೋಓಮ್‌ನಲ್ಲಿ ಛಾಪಿಸಿರುವುದು ರೋಧ (ರೆಸಿಸ್ಟೆನ್ಸ್). ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರಿನ ಮಾದರಿಯ ಒಂಟಿ ಕಾಯಿಲ್‌ಗೆ ಸುಮಾರು 6, ಹಳೆಯ ಶೈಲಿಯ ಅವಳಿ ಕಾಯಿಲ್‌ಗೆ 7ರಿಂದ 8 ಚಿಲ್ಲರೆ. ಅದೇ ಕಸುವಿನ ಅಳತೆ ಎಂದು ನಂಬಿ ದೊಡ್ಡ ಅಂಕಿಯದನ್ನೇ ಕೇಳುತ್ತಾರೆ. ಆದರೆ ಸುತ್ತು ಅಷ್ಟೇ ಇದ್ದು ವೈರ್ ತೆಳುವಾದರೂ ರೋಧ ಏರುತ್ತದೆ. ಅಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹ) ಬದಲು ಸೆರಾಮಿಕ್ ಅಯಸ್ಕಾಂತ ಹಾಕಿದರೆ ರೋಧ ಒಂದಿಷ್ಟೂ ಬದಲಾಗದೆ ದನಿಯೇ ಬೇರೆಯಾಗಬಹುದು. ಒಂದೇ ಬಗೆಯ ವೈರ್, ಒಂದೇ ಬಗೆಯ ಅಯಸ್ಕಾಂತ ಇರುವ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಮಾತ್ರ ಆ ಅಂಕಿಗೆ ಬೆಲೆ. ಹಾಗಾಗಿ ಕೈಪಿಡಿಯಲ್ಲಿ ‘ರೋಧ’ ಮತ್ತು ‘ಕಸುವು’ ಎಲ್ಲೂ ಒಂದರ ಜಾಗದಲ್ಲಿ ಇನ್ನೊಂದು ಬರಬಾರದೆಂದು ಪಟ್ಟುಹಿಡಿದಿದ್ದೇನೆ.

ಕೊನೆಯದು ‘ಡಿಸ್ಟಾರ್ಷನ್’. ‘ಒಡಕು ದನಿ’ ಎಂದರೆ ನಮ್ಮ ಸಂಗೀತದಲ್ಲಿ ದೋಷ, ರಾಕ್ ನುಡಿಸುವವರಿಗೆ ಅದೇ ಬೇಕಾದದ್ದು. ನಿಂದೆಯ ಛಾಯೆ ಇಲ್ಲದ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಡೊಳ್ಳು, ಹಲಗೆ ನುಡಿಸುವವರು ಬೇಕೆಂದೇ ಬರಿಸುವ ಗಡಸು ದನಿಗೆ ಏನೆನ್ನುತ್ತಾರೆ? ಬಲ್ಲವರು ಬಳಕೆಯ ವಾಕ್ಯದ ಸಮೇತ ತಿಳಿಸಿದರೆ ಉಪಕಾರ.