ಅಪ್‌ಡೇಟ್: ಪವರ್ ಲಾ ಫಿಟ್ ನಂಬಬಹುದಾ ಅಂತ ಕೇಳಿದ್ದೆನಲ್ಲ

ಫೈಲ್ ಗಾತ್ರಗಳ ಡೇಟಾಗೆ ಪವರ್ ಲಾ (ಗಾತ್ರ ದೊಡ್ಡದಾದಂತೆ ಅದು ಸಿಗುವ ಸಾಧ್ಯತೆ ಒಂದು ಘಾತಾಂಕದ ಪ್ರಕಾರ ಇಳಿಯುವ ವಿತರಣೆ) ಹೊಂದುತ್ತದೆಯೇ, ಕೊಲ್ಮೊಗೊರೊವ್–ಸ್ಮಿರ್ನೊವ್ ಟೆಸ್ಟ್ (ಡೇಟಾಗೂ ಮಾಡೆಲ್‌ಗೂ ಇರುವ ಅತಿ ಹೆಚ್ಚಿನ ಅಂತರ ಅಳೆಯುವುದು) ಕೊಡುವ ಪಿ-ಮೌಲ್ಯ (ಮಾಡೆಲ್ ನಿಜವಾಗಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಬರುವ ಸಾಧ್ಯತೆ) ಸಾಕೇ ಎಂದು ಕೇಳಿದ್ದೆ. ಸಾಲದು. ಆ ಟೆಸ್ಟ್‌ನ ಮಾಮೂಲಿ ಟೇಬಲ್ ನಡೆಯುವುದು ಪ್ಯಾರಾಮೀಟರ್ ಮೊದಲೇ ಗೊತ್ತಿದ್ದಾಗ ಮಾತ್ರ. ಅದೇ ಡೇಟಾದಿಂದ ಘಾತಾಂಕ ಅಂದಾಜು ಮಾಡಿ, ಅದರ ಮೇಲೇ ಪರೀಕ್ಷೆ ಮಾಡಿದರೆ ಫಿಟ್ ಚೆನ್ನಾಗಿ ಕಾಣದೆ ಇನ್ನೇನು, ಅಲ್ವಾ?

ಹಾಗಾಗಿ ಕ್ಲಾಸೆಟ್, ಶಾಲಿಜಿ, ನ್ಯೂಮನ್ ಎಂಬ ಸಂಶೋಧಕರು 2009ರಲ್ಲಿ ವಿವರಿಸಿದ ಬೂಟ್‌ಸ್ಟ್ರಾಪ್ ದಾರಿ ಹಿಡಿದೆ. ಫಿಟ್ ಆದ ಮಾಡೆಲ್‌ನಿಂದ ನಕಲಿ ಡೇಟಾ ಸೆಟ್‌ಗಳನ್ನು ಹುಟ್ಟಿಸಬೇಕು. ಅವುಗಳಲ್ಲಿ ಎಷ್ಟು ಪಾಲಿನಲ್ಲಿ ಅಂತರ ನಿಜ ಡೇಟಾದಷ್ಟು ಅಥವಾ ಅದಕ್ಕಿಂತ ಹೆಚ್ಚಿದೆಯೋ ಅದೇ ಪಿ-ಮೌಲ್ಯ. ಪಿ-ಮೌಲ್ಯ ಎರಡು ದಶಾಂಶದವರೆಗೆ ಸರಿ ಬರಲು ಸುಮಾರು 2500 ಬೇಕು. ಬಾಲಕ್ಕಿಂತ (ಪವರ್ ಲಾ ಅನ್ವಯಿಸುವ ದೊಡ್ಡ ಗಾತ್ರಗಳ ಭಾಗಕ್ಕಿಂತ) ಕೆಳಗಿನ ಭಾಗವನ್ನು ಮೂಲ ಡೇಟಾದಿಂದಲೇ ಎತ್ತಿಕೊಳ್ಳಬೇಕು. ಮುಖ್ಯವಾದದ್ದು, ಪ್ರತಿ ಸೆಟ್‌ಗೂ ಬಾಲ ಎಲ್ಲಿಂದ ಶುರು ಎಂಬುದನ್ನೂ ಘಾತಾಂಕವನ್ನೂ ಹೊಸದಾಗಿ ಅಂದಾಜು ಮಾಡಬೇಕು. ಹೀಗೆ ಮಾಡದಿದ್ದರೆ ಅಷ್ಟೂ ಲೆಕ್ಕ ದಂಡ. (ಕಂಪ್ಯೂಟರ್ ಮಾತ್ರ ತುಂಬಾ ಹೊತ್ತು ಒದ್ದಾಡಿತು.)

ಪಿ-ಮೌಲ್ಯ ಅವರು ಹೇಳಿದ 0.1ರ ಗಡಿ ದಾಟಿತು. ಅಂದರೆ ಪವರ್ ಲಾವನ್ನು ತಳ್ಳಿಹಾಕುವಂತಿಲ್ಲ, ಅಷ್ಟೇ. ಎರಡು ಮಾಡೆಲ್‌ಗಳಲ್ಲಿ ಯಾವುದು ಡೇಟಾಗೆ ಹೆಚ್ಚು ಹೊಂದುತ್ತದೆ ಎಂದು ನೋಡುವ ವುವಾಂಗ್ ಟೆಸ್ಟ್‌ನಲ್ಲಿ ಲಾಗ್‌ನಾರ್ಮಲ್ (ಲಾಗ್ ತೆಗೆದರೆ ನಾರ್ಮಲ್ ಆಗುವ ವಿತರಣೆ) ಜೊತೆ ಹೋಲಿಸಿದರೆ ಯಾರೂ ಗೆಲ್ಲಲಿಲ್ಲ. ಬಾಲದಲ್ಲಿ ಉಳಿದ ಡೇಟಾ ಅಷ್ಟು ಕಡಿಮೆ. ಲಾಗ್-ಲಾಗ್ (ಎರಡೂ ಅಕ್ಷಗಳು ಲಾಗ್‌ನಲ್ಲಿರುವ) ಗ್ರಾಫ್‌ನಲ್ಲಂತೂ ಎರಡೂ ನೇರ ಗೆರೆಯ ಹಾಗೇ ಕಾಣುತ್ತವೆ, ಅದನ್ನು ನೋಡಿ ಸುಮ್ನೆ ತೀರ್ಮಾನಿಸಬೇಡಿ. ಮುಂದೆ ಬಾಲಕ್ಕೆ ಜಾಸ್ತಿ ತೂಕ ಕೊಡುವ ಆಂಡರ್ಸನ್–ಡಾರ್ಲಿಂಗ್ ಟೆಸ್ಟನ್ನು ಇದೇ ಬೂಟ್‌ಸ್ಟ್ರಾಪ್ ಜೊತೆ ನೋಡುತ್ತೇನೆ.