ಸಹಾಯ ಬೇಕು: ಕಾರಿನ ಆಕ್ಸಲ್ ಜಾಯಿಂಟಿನ ಬೂಟ್ (ರಬ್ಬರ್ ಕವರ್) ಅಷ್ಟ ಹಾಕಸೋದೋ, ಪೂರಾ ಆಕ್ಸಲ್ (ಗೇರ್‌ಬಾಕ್ಸಿನಿಂದ ಗಾಲಿ ತಿರುಗಿಸೋ ರಾಡ್) ಬದಲಿ ಮಾಡೋದೋ?

ನಮಸ್ಕಾರ್ರೀ ಎಲ್ಲಾರಿಗೂ. ನಾ ಬಾಗಲಕೋಟಿ ನವನಗರದಾಗ ಇರ್ತೀನಿ. ಗಾಡಿ 2014ರ ಡೀಸೆಲ್ ಹ್ಯಾಚ್‌ಬ್ಯಾಕ್, ಲೋಕಾಪುರ, ಮುಧೋಳ ಕಡೆ ಓಡಾಟ ಜಾಸ್ತಿ. ಕಬ್ಬಿನ ಸೀಜನ್‌ನ್ಯಾಗ ಆ ಕಡೆ ರೋಡಿನ ಅವಸ್ಥಾ ನಿಮಗ ಗೊತ್ತ ಐತಿ.

ಎಡಗಡೆ ಮುಂದಿನ ಗಾಲಿ ಒಳಮೈಗೆ ಕರೀ ಗ್ರೀಸ್ ಸಿಡದು, ಅದರ ಮ್ಯಾಲ ಎರಿಮಣ್ಣಿನ ಧೂಳ ಹತ್ತಿ ಹೆಪ್ಪುಗಟ್ಟೈತಿ. ಬಗ್ಗಿ ನೋಡಿದ್ರ ಹೊರಗಿನ (ಗಾಲಿ ಕಡೆ ಜಾಯಿಂಟಿನ) ಬೂಟಿನ ಮಡಿಕಿಯೊಳಗ ಉದ್ದಕ ಸೀಳು. ಸ್ಟೇರಿಂಗ್ ಪೂರಾ ತಿರುವಿ ಯು-ಟರ್ನ್ ತಗೊಂಡ್ರ ಟಕ್ ಟಕ್ ಅಂತೈತಿ, ನೇರ ರೋಡಿನ್ಯಾಗ ಏನೂ ಇಲ್ಲ. ಬಲಗಡೆ ಬೂಟ್ ಬರೇ ಬಿರುಕು ಬಿಟ್ಟೈತಿ. ಸಪ್ಪಳಿಲ್ಲ, ಗ್ರೀಸೂ ಹೊರಗ ಬಂದಿಲ್ಲ.

ಒಬ್ಬ ಮೇಸ್ತ್ರಿ ಎರಡೂ ಕಡೆ ಬೂಟ್, ಗ್ರೀಸ್ ಹಾಕಿದ್ರ ಸಾಕು ಅಂತಾನ. ಇನ್ನೊಬ್ಬ ಎರಡೂ ಆಕ್ಸಲ್ ತಗದ ಒಗೀರಿ ಅಂತಾನ! ನನಗನಸೂದು, ಬಲಕ್ಕ ಬೂಟ್ ಸಾಕು. ಎಡಕ್ಕ ಸಪ್ಪಳ ಸುರು ಆಗೈತಿ ಅಂದ್ರ ಜಾಯಿಂಟಿನ ಒಳಗಿನ ಗುಂಡು, ಅವನ್ನ ಹಿಡಕೊಂಡಿರೋ ಕೇಜ್ ಸವದಾವು. ಮಣ್ಣು ಕೂಡಿದ ಗ್ರೀಸ್ ಸಾಣಿ ಹಿಡದಂಗ. ಹೊಸಾ ಬೂಟ್ ಹಾಕಿದ್ರ ಸವದದ್ದು ತಿರುಗಿ ಬರತೈತೇನ್ರಿ?

ಎಡಕ್ಕ ಹೊರಗಿನ ಜಾಯಿಂಟ್ ಒಂದ ಸಿಗತೈತೋ, ಇಡೀ ಆಕ್ಸಲ್ಲ ತಗೋಬೇಕೋ? ಕಂಪನಿದಲ್ಲದ ಆಕ್ಸಲ್ ಹಾಕಿಸಿದವರು ಇದ್ರ ಎಷ್ಟ ದಿನಾ ಬಾಳಿಕಿ ಬಂತು ಹೇಳ್ರಿ. ಗುಜರಿ ಮಾಲ್ ಬ್ಯಾಡ, ಸೀಳಿ ಅಂಟಿಸೋ ಬೂಟಿನ ಮ್ಯಾಲೂ ನಂಬಿಕಿಲ್ಲ. ಆಕ್ಸಲ್ ಎಳದಾಗ ಗೇರ್‌ಬಾಕ್ಸಿನ ಆಯಿಲ್ ಸೀಲೂ ಬದಲಿ ಮಾಡಸ್ಲೇನು? ಬಾಗಲಕೋಟಿ ಇಲ್ಲಾ ವಿಜಯಪುರದಾಗ ಕಣ್ಣೆದುರ ಬಿಚ್ಚಿ ತೋರಿಸೋ ಗ್ಯಾರೇಜ್ ಇದ್ರ, ಕೂಲಿ ಎಷ್ಟಾಗತೈತಿ ಅನ್ನೋದೂ ತಿಳಸ್ರಿ.